ಕಪ್ಪತಗುಡ್ಡದ ಫ್ಯಾನುಗಳು ಜಾಸ್ತಿ ಆದರೆ ಗ್ರಿಡ್ ಬೀಳುತ್ತದಾ?

ಪ್ರಶ್ನೆ: ನಮ್ಮ ಹೊಲ ಮುಂಡರಗಿ ತಾಲ್ಲೂಕಿನ ಡಂಬಳದ ಹತ್ತಿರ ಇದೆ. ಅಲ್ಲಿ ನಿಂತರೆ ಕಪ್ಪತಗುಡ್ಡದ ಸಾಲಿನ ಗಾಳಿ ಫ್ಯಾನುಗಳು ಕಾಣುತ್ತವೆ. ಆಷಾಢದ ಗಾಳಿ ಮನುಷ್ಯನನ್ನೇ ತಳ್ಳುವ ಹಾಗೆ ಬೀಸುವಾಗಲೂ ಕೆಲವು ಸುಮ್ನೆ ನಿಂತಿರುತ್ತವೆ. ಇತ್ತ ನಮ್ಮ ಬೋರಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ 7 ತಾಸು ಮಾತ್ರ. 2025ರಲ್ಲಿ ಸ್ಪೇನ್ ದೇಶದಲ್ಲಿ ಪೂರ್ತಿ ಕರೆಂಟು ಹೋಗಿತ್ತಂತೆ. ಸೋಲಾರ್ ಜಾಸ್ತಿ ಆಗಿದ್ದೇ ಕಾರಣ ಅಂತ ನನ್ನ ಮಗ ಹೇಳುತ್ತಾನೆ. ನಮ್ಮ ಕಡೆಯೂ ಇಷ್ಟು ಫ್ಯಾನು, ಇಷ್ಟು ಸೋಲಾರ್ ಪ್ಲೇಟು ಹಾಕುತ್ತಾ ಹೋದರೆ ಹಾಗೇ ಆಗುತ್ತದಾ? ಗುಡ್ಡದ ಕರೆಂಟನ್ನು ನೇರವಾಗಿ ನಮ್ಮ ಊರಿಗೇ ಕೊಡಲು ಯಾಕೆ ಬರುವುದಿಲ್ಲ?

ಉತ್ತರ: ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಯಾವ ಅರ್ಧ ಅಂತ ತಿಳಿಯಬೇಕಾದರೆ ಗ್ರಿಡ್, ಅಂದರೆ ಎಲ್ಲ ಸ್ಥಾವರ, ಎಲ್ಲ ಊರುಗಳನ್ನು ಜೋಡಿಸಿದ ಲೈನುಗಳ ಜಾಲ, ಯಾವುದರ ಮೇಲೆ ನಿಂತಿದೆ ಅಂತ ಮೊದಲು ನೋಡಬೇಕು. ಹಾಗಾಗಿ ಸ್ಪೇನಿಗೆ ಸ್ವಲ್ಪ ತಡೆದು ಬರೋಣ.

ಕರೆಂಟನ್ನು ತಂತಿಯೊಳಗೆ ಕೂಡಿಡಲು ಬರುವುದಿಲ್ಲ. ನೀವು ಮೋಟರ್ ಚಾಲೂ ಮಾಡಿದ ಕ್ಷಣವೇ ಎಲ್ಲೋ ಒಂದು ಜನರೇಟರ್ ಅಷ್ಟು ಜಾಸ್ತಿ ದುಡಿಯಬೇಕು. ಆ 'ಎಲ್ಲೋ' ಈಗ ಬಹಳ ದೂರವೂ ಇರಬಹುದು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆ.ವಿ. ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿಗೆ ಸೇರಿತು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಫ್ರೀಕ್ವೆನ್ಸಿ, 50 ಹರ್ಟ್ಸ್. ಅಂದರೆ ತಂತಿಯಲ್ಲಿ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುತ್ತದೆ. ಕೂಡಗಿಯ ಥರ್ಮಲ್ ಸ್ಥಾವರದ ಟರ್ಬೈನ್ ನಿಮಿಷಕ್ಕೆ 3000 ಸುತ್ತು ತಿರುಗುವುದು ಇದೇ ಲೆಕ್ಕಕ್ಕೆ. ಬಳಕೆ ಜಾಸ್ತಿಯಾಗಿ ಉತ್ಪಾದನೆ ಕಡಿಮೆ ಬಿದ್ದರೆ ಎಲ್ಲ ಯಂತ್ರಗಳೂ ಒಟ್ಟಿಗೆ ನಿಧಾನ ಆಗುತ್ತವೆ, ಫ್ರೀಕ್ವೆನ್ಸಿ ಇಳಿಯುತ್ತದೆ. ಉತ್ಪಾದನೆ ಹೆಚ್ಚಾದರೆ ಏರುತ್ತದೆ. ನಮ್ಮ ನಿಯಮದ ಪ್ರಕಾರ ಇದು 49.90ರಿಂದ 50.05ರ ಒಳಗೆ ಇರಬೇಕು. 49ರ ಸುತ್ತಮುತ್ತಕ್ಕೆ ಇಳಿದರೆ ರಿಲೇ ಎಂಬ ಕಾವಲು ಸ್ವಿಚ್ಚುಗಳು ಯಾರನ್ನೂ ಕೇಳದೆ ಫೀಡರುಗಳನ್ನು (ಊರುಗಳಿಗೆ ಹೋಗುವ ಲೈನುಗಳನ್ನು) ಕತ್ತರಿಸುತ್ತವೆ. ಸ್ವಲ್ಪ ಜನರ ಕರೆಂಟು ತೆಗೆದು ಉಳಿದವರನ್ನು ಉಳಿಸಿಕೊಳ್ಳುವ ಏರ್ಪಾಡು ಅದು.

ನಿಮ್ಮ ವಯಸ್ಸಿನವರು ಹಳೆಯ ಹಿಟ್ಟಿನ ಗಿರಣಿ ನೋಡಿರುತ್ತೀರಿ. ಆಯಿಲ್ ಎಂಜಿನ್ನಿನ ಪಕ್ಕದಲ್ಲಿ ದೊಡ್ಡ ಬೀಡಿನ ಚಕ್ರ ಇರುತ್ತಿತ್ತು. ಬುಟ್ಟಿ ತುಂಬ ಜೋಳ ಸುರಿದರೂ ಎಂಜಿನ್ ಒಮ್ಮೆಲೇ ಕುಸಿಯುತ್ತಿರಲಿಲ್ಲ. ಚಕ್ರದೊಳಗೆ ತುಂಬಿಕೊಂಡ ಓಟ ಆ ಭಾರವನ್ನು ಹೊತ್ತುಕೊಳ್ಳುತ್ತಿತ್ತು. ಅಷ್ಟರಲ್ಲಿ ಎಂಜಿನ್ನಿನ ವೇಗ ಕಾಯುವ ಗವರ್ನರ್ ಎಣ್ಣೆ ಜಾಸ್ತಿ ಬಿಡುತ್ತಿತ್ತು. ರಾಯಚೂರು, ಕೈಗಾ, ಶರಾವತಿಯ ಯಂತ್ರಗಳಲ್ಲೂ ಟನ್ನುಗಟ್ಟಲೆ ತೂಕದ ರೋಟರುಗಳು ತಿರುಗುತ್ತಿರುತ್ತವೆ. ಎಲ್ಲಾದರೂ ಒಂದು ದೊಡ್ಡ ಘಟಕ ಟ್ರಿಪ್ ಆದರೆ ಮೊದಲ ಕೆಲವು ಸೆಕೆಂಡು ಗ್ರಿಡ್ಡನ್ನು ಹಿಡಿದು ನಿಲ್ಲಿಸುವುದು ಆ ತೂಕವೇ.

ಸೋಲಾರ್ ಪ್ಲೇಟಿನಲ್ಲಿ ತಿರುಗುವುದು ಏನೂ ಇಲ್ಲ. ಗಾಳಿ ಫ್ಯಾನು ತಿರುಗುತ್ತದೆ, ನಿಜ. ಆದರೆ ಈಗಿನ ಫ್ಯಾನುಗಳಿಗೂ ಗ್ರಿಡ್ಡಿಗೂ ನಡುವೆ ಎಲೆಕ್ಟ್ರಾನಿಕ್ ಕನ್ವರ್ಟರ್ ಇರುತ್ತದೆ. ಅದರಿಂದಾಗಿ ರೆಕ್ಕೆಯ ಓಟಕ್ಕೂ 50 ಹರ್ಟ್ಸ್‌ಗೂ ನೇರ ಸಂಬಂಧ ಉಳಿಯುವುದಿಲ್ಲ. ಸೂರ್ಯ, ಗಾಳಿಯ ಪಾಲು ಏರಿದಷ್ಟೂ ಗ್ರಿಡ್ಡಿನ ಚಕ್ರ ಹಗುರ ಆಗುತ್ತದೆ. ಚಕ್ರ ಹಗುರಾದರೆ ಫ್ರೀಕ್ವೆನ್ಸಿ ಬೇಗ ಬೀಳುತ್ತದೆ, ಸರಿಪಡಿಸಲು ಸಿಗುವ ಸಮಯ ಕಡಿಮೆ.

ಇದಕ್ಕೆ ಮದ್ದು ಇದೆ. ದೊಡ್ಡ ಬ್ಯಾಟರಿಗಳು ಸೆಕೆಂಡಿನ ಒಂದು ತುಣುಕಿನಲ್ಲಿ ಕರೆಂಟು ಸುರಿಯಬಲ್ಲವು. ಸಿಂಕ್ರೊನಸ್ ಕಂಡೆನ್ಸರ್ ಅಂತ ಒಂದು ಯಂತ್ರ ಇದೆ. ಅದಕ್ಕೆ ಕಲ್ಲಿದ್ದಲೂ ಬೇಡ, ನೀರೂ ಬೇಡ. ಗ್ರಿಡ್ಡಿನಿಂದಲೇ ಸ್ವಲ್ಪ ಕರೆಂಟು ತೆಗೆದುಕೊಂಡು ತಿರುಗುತ್ತಾ ಇರುವುದಷ್ಟೇ ಅದರ ಕೆಲಸ. ಗ್ರಿಡ್ಡನ್ನು ಬರೀ ಹಿಂಬಾಲಿಸದೆ ತಾವೇ ಫ್ರೀಕ್ವೆನ್ಸಿ ಕಟ್ಟಿಕೊಡುವ ಹೊಸ ಇನ್ವರ್ಟರುಗಳೂ (ಪ್ಲೇಟಿನ ಕರೆಂಟನ್ನು ಗ್ರಿಡ್ಡಿನ ಕರೆಂಟಾಗಿ ಬದಲಿಸುವ ಪೆಟ್ಟಿಗೆಗಳು) ಬಂದಿವೆ. ಐರ್ಲೆಂಡಿನಂಥ ಸಣ್ಣ ಗ್ರಿಡ್ಡಿಗೆ ಚಕ್ರದ ತೂಕ ಈಗಾಗಲೇ ದೊಡ್ಡ ತಲೆನೋವು. ನಮ್ಮದು ಇಡೀ ದೇಶಕ್ಕೆ ಒಂದೇ ಗ್ರಿಡ್, ತೂಕ ಇನ್ನೂ ಬೇಕಾದಷ್ಟಿದೆ. ಆದ್ದರಿಂದ ನನ್ನ ಲೆಕ್ಕದಲ್ಲಿ ನಮ್ಮ ಕಡೆ ಮೊದಲ ಚಿಂತೆ ಇದಲ್ಲ.

ಬೇಡಿಕೆ ಏರಿಳಿಯುವುದಕ್ಕೂ ಗ್ರಿಡ್ ನಡೆಸುವವರು ಅಷ್ಟು ಹೆದರುವುದಿಲ್ಲ, ಮೊದಲೇ ಗೊತ್ತಿದ್ದರೆ. 2020ರ ಏಪ್ರಿಲ್ 5 ನೆನಪಿದೆಯಲ್ವಾ? ರಾತ್ರಿ 9ಕ್ಕೆ 9 ನಿಮಿಷ ಎಲ್ಲರೂ ಲೈಟು ಆರಿಸಿ ದೀಪ ಹಚ್ಚಿದೆವು. ದೇಶದ ಬೇಡಿಕೆ ಆ ಕೆಲವೇ ನಿಮಿಷಗಳಲ್ಲಿ 31,000 ಮೆಗಾವ್ಯಾಟಿಗಿಂತ ಜಾಸ್ತಿ ಕುಸಿದು ಮತ್ತೆ ಏರಿತು. ಎರಡು ದಿನ ಮೊದಲೇ ವಿಷಯ ತಿಳಿದಿತ್ತು. ಜಲವಿದ್ಯುತ್ ಘಟಕಗಳನ್ನು ತಯಾರು ಇಟ್ಟುಕೊಂಡು, ಇಳಿಸಿ, ಏರಿಸಿ ನಿಭಾಯಿಸಿದರು. ಸಂಜೆ ಸೂರ್ಯ ಮುಳುಗುವುದೂ ಇದೇ ಜಾತಿಯದು. ಪಂಚಾಂಗದಲ್ಲಿ ಸಮಯ ಬರೆದಿಟ್ಟಿರುತ್ತದೆ.

ಗಾಳಿ ಅಷ್ಟು ಮಾತು ಕೇಳುವುದಿಲ್ಲ. ಗಾಳಿಯ ವೇಗ ದುಪ್ಪಟ್ಟಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟು ಆಗುತ್ತದೆ. ಅಂದಾಜು ಸ್ವಲ್ಪ ತಪ್ಪಿದರೂ ಮೆಗಾವ್ಯಾಟಿನಲ್ಲಿ ಬಹಳ ತಪ್ಪುತ್ತದೆ. ಅದಕ್ಕೇ ದಿನವನ್ನು 15 ನಿಮಿಷದ 96 ತುಂಡು ಮಾಡಿ, ಯಾವ ತುಂಡಿನಲ್ಲಿ ಎಷ್ಟು ಉತ್ಪಾದನೆ ಅಂತ ಮೊದಲೇ ಬರೆದುಕೊಡಬೇಕು. ಮಿತಿ ಮೀರಿ ತಪ್ಪಿದರೆ ದಂಡ. ಗಾಳಿ, ಸೋಲಾರಿಗೆ ಈ ನಿಯಮವನ್ನು ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ 2015ರಲ್ಲೇ ತಂದಿತು.

ಇನ್ನು ನಿಂತಿರುವ ಫ್ಯಾನುಗಳು. ಕೆಲವು ರಿಪೇರಿಗೆ ನಿಂತಿರುತ್ತವೆ. ಗಾಳಿ ಸೆಕೆಂಡಿಗೆ ಸುಮಾರು 3 ಮೀಟರ್ ದಾಟದೆ ಫ್ಯಾನು ಕರೆಂಟು ಕೊಡುವುದಿಲ್ಲ. ಸುಮಾರು 25 ಮೀಟರ್ ಮುಟ್ಟಿದರೆ ಮುರಿಯಬಾರದು ಅಂತ ತಾನೇ ನಿಲ್ಲುತ್ತದೆ. ಆದರೆ ನೀವು ಹೇಳುವುದು ಆಷಾಢದ ಮಾತು, ಪಕ್ಕದ ಫ್ಯಾನು ತಿರುಗುತ್ತಿರುವಾಗ ಇದೊಂದು ನಿಂತಿರುವ ಮಾತು. ಅಲ್ಲಿ ಇನ್ನೊಂದು ಕಾರಣವೂ ಇರಬಹುದು: ಉತ್ಪಾದನೆ ಇಳಿಸಿ ಅಂತ ಲೋಡ್ ಡಿಸ್ಪ್ಯಾಚ್ ಸೆಂಟರಿನಿಂದ (ಗ್ರಿಡ್ ನಡೆಸುವ ಕಚೇರಿಯಿಂದ) ಬಂದ ಸೂಚನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯ ಸುಗ್ಗಿ. ಅದೇ ಹೊತ್ತಿಗೆ ಮಳೆ ಬಿದ್ದು ಪಂಪ್‌ಸೆಟ್ ಬಂದ್ ಆಗಿರುತ್ತವೆ. ಜಲಾಶಯಕ್ಕೆ ನೀರು ಬರುತ್ತಿರುತ್ತದೆ. ಬೇಡಿಕೆ ತಗ್ಗಿರುತ್ತದೆ. ಕಲ್ಲಿದ್ದಲು ಘಟಕವನ್ನು ಬೇಕೆಂದಾಗ ಪೂರ್ತಿ ಆರಿಸಿ, ಬೇಕೆಂದಾಗ ಹಚ್ಚಲು ಆಗುವುದಿಲ್ಲ. ಈಗಿನ ನಿಯಮದಲ್ಲಿ ಅವು ಶೇ 55ರವರೆಗೆ ಇಳಿಯಬೇಕು, ಅದಕ್ಕಿಂತ ಕೆಳಗೆ ಬಾಯ್ಲರ್ ಒದ್ದಾಡುತ್ತದೆ. ಒಮ್ಮೆ ಆರಿಸಿ ತಣ್ಣಗಾದರೆ ಮತ್ತೆ ಚಾಲೂ ಮಾಡಲು ಎಷ್ಟೋ ತಾಸು ಬೇಕು. ಸಂಜೆಗೆ ಅವೇ ಬೇಕಾಗುತ್ತವೆ, ಹಾಗಾಗಿ ಆರಿಸುವಂತೆಯೂ ಇಲ್ಲ.

ಅದರ ಮೇಲೆ ಲೈನಿನ ಸಮಸ್ಯೆ. ಸೋಲಾರ್ ಪಾರ್ಕು, ಗಾಳಿ ಫ್ಯಾನುಗಳನ್ನು ಒಂದೆರಡು ವರ್ಷದಲ್ಲಿ ಎಬ್ಬಿಸಬಹುದು. ಆ ಕರೆಂಟು ಹೊರುವ ದೊಡ್ಡ ಲೈನಿಗೆ ಹೊಲ ಹೊಲ ದಾಟಬೇಕು, ಪರಿಹಾರ ಮಾತಾಡಬೇಕು, ಕೋರ್ಟಿಗೆ ಅಲೆಯಬೇಕು. ಗದಗ, ಕೊಪ್ಪಳದಲ್ಲಿ ಪೂಲಿಂಗ್ ಸ್ಟೇಷನ್‌ಗಳು ಬಂದದ್ದು ಈ ಭಾಗದ ಗಾಳಿ, ಬಿಸಿಲಿನ ಕರೆಂಟನ್ನು ಒಟ್ಟುಗೂಡಿಸಿ ದೊಡ್ಡ ಗ್ರಿಡ್ಡಿಗೆ ಸಾಗಿಸಲು. ಒಂದು ಲೈನ್ ಟ್ರಿಪ್ ಆದರೆ ಅದರ ಭಾರ ಉಳಿದ ಲೈನುಗಳ ಮೇಲೆ ಬೀಳುತ್ತದೆ. ಆಗಲೂ ಅವು ತಡೆದುಕೊಳ್ಳುವಷ್ಟು ಜಾಗ ಮೊದಲೇ ಬಿಟ್ಟಿರಬೇಕು. ಆ ಜಾಗ ತುಂಬುತ್ತಾ ಬಂದರೆ ಫ್ಯಾನು ಇಳಿಸುತ್ತಾರೆ. 2021ರ ಕೇಂದ್ರದ ನಿಯಮದ ಪ್ರಕಾರ ಗಾಳಿ, ಸೋಲಾರ್ ಕರೆಂಟನ್ನು ದುಬಾರಿ ಅಂತ ನಿಲ್ಲಿಸುವಂತಿಲ್ಲ, ಗ್ರಿಡ್ಡಿನ ಸುರಕ್ಷತೆಗಾಗಿ ಮಾತ್ರ ನಿಲ್ಲಿಸಬಹುದು. ಬೇರೆ ಕಾರಣಕ್ಕೆ ನಿಲ್ಲಿಸಿದರೆ ಪರಿಹಾರ ಕೊಡಬೇಕು. ಫ್ಯಾನು ನಿಂತದ್ದು ನೋಡಿ ನಿಮಗೆ ಹೊಟ್ಟೆ ಉರಿಯುವುದು ಸಹಜ. ಆದರೆ ಅದು ಗ್ರಿಡ್ ಬೀಳದಿರಲಿ ಅಂತ ಮಾಡಿದ ಕೆಲಸವೂ ಆಗಿರಬಹುದು.

ಈಗ ಸ್ಪೇನ್. 2025ರ ಏಪ್ರಿಲ್ 28, ಅಲ್ಲಿಯ ಸಮಯ ಮಧ್ಯಾಹ್ನ 12 ಗಂಟೆ 33 ನಿಮಿಷ. ಸ್ಪೇನ್, ಪೋರ್ಚುಗಲ್ ಎರಡರಲ್ಲೂ ಕರೆಂಟು ಹೋಯಿತು. ಪೂರ್ತಿ ವಾಪಸ್ ಬರಲು ಮರುದಿನದ ನಸುಕು ಆಯಿತು. ಆ ಹೊತ್ತಿನಲ್ಲಿ ಸ್ಪೇನಿನ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸೋಲಾರ್ ಇತ್ತು, ಇದು ನಿಜ. ಆದರೆ ಗ್ರಿಡ್ ಬಿದ್ದದ್ದು ಬಿಸಿಲು ಕೈಕೊಟ್ಟಿದ್ದಕ್ಕೆ ಅಲ್ಲ, ಫ್ರೀಕ್ವೆನ್ಸಿಯಿಂದಲೂ ಶುರುವಾಗಲಿಲ್ಲ. ವೋಲ್ಟೇಜ್ ಮಿತಿಮೀರಿ ಏರಿತು ಅಂತ ಯುರೋಪಿನ ತಜ್ಞರ ಸಮಿತಿ ಹೇಳಿದೆ.

ಫ್ರೀಕ್ವೆನ್ಸಿ ದೇಶಕ್ಕೆಲ್ಲ ಒಂದೇ. ವೋಲ್ಟೇಜ್ ಆಯಾ ಜಾಗದ್ದು. ನಿಮ್ಮ ಟಿಸಿ ಹತ್ತಿರದ ಮನೆಯಲ್ಲಿ 230 ಇದ್ದು ಲೈನಿನ ಕೊನೆಯ ಹೊಲದಲ್ಲಿ 180 ಇರಬಹುದು. ಉದ್ದದ ದೊಡ್ಡ ಲೈನಿನಲ್ಲಿ ಇದರ ಉಲ್ಟಾ ಕೂಡ ಆಗುತ್ತದೆ. ಅದರಲ್ಲಿ ಕರೆಂಟು ಕಡಿಮೆ ಹರಿದರೆ ವೋಲ್ಟೇಜ್ ತಾನಾಗಿ ಏರುತ್ತದೆ. ಅದನ್ನು ಎಳೆದು ಇಳಿಸಲು ರಿಯಾಕ್ಟರ್ ಎಂಬ ದೊಡ್ಡ ಕಾಯಿಲ್ ಹಾಕುತ್ತಾರೆ (ಅಣು ಸ್ಥಾವರದ ರಿಯಾಕ್ಟರ್ ಬೇರೆ). ನಮ್ಮ ದೇಶದಲ್ಲೂ ಬೇಡಿಕೆ ಇಲ್ಲದ ರಾತ್ರಿಗಳಲ್ಲಿ ಕೆಲವು 400 ಕೆ.ವಿ. ಲೈನುಗಳನ್ನೇ ಗ್ರಿಡ್ಡಿನಿಂದ ಬಿಡಿಸಿಡುವುದು ಉಂಟು. ಹಳೆಯ ಜನರೇಟರುಗಳು ವೋಲ್ಟೇಜ್ ಏರಿಳಿತವನ್ನು ಕ್ಷಣಕ್ಷಣಕ್ಕೂ ಸರಿಮಾಡುತ್ತವೆ. ಇದಕ್ಕೆ ರಿಯಾಕ್ಟಿವ್ ಪವರ್ ಕೊಡಬೇಕು ಇಲ್ಲವೇ ಹೀರಬೇಕು. ಇದು ಮೋಟರ್ ತಿರುಗಿಸುವ ಕರೆಂಟಲ್ಲ, ವೋಲ್ಟೇಜನ್ನು ಎತ್ತಿ ಹಿಡಿಯುವ ಬೇರೆ ಬಗೆಯದು: ಕೊಟ್ಟರೆ ವೋಲ್ಟೇಜ್ ಏರುತ್ತದೆ, ಹೀರಿದರೆ ಇಳಿಯುತ್ತದೆ.

ಸ್ಪೇನಿನಲ್ಲಿ ಸೋಲಾರ್ ಸ್ಥಾವರಗಳಿಗೆ ಈ ಕೆಲಸ ಯಾರೂ ಹೇಳಿರಲಿಲ್ಲ. ವೋಲ್ಟೇಜ್ ಏನೇ ಆಗಲಿ, ಒಂದೇ ಪವರ್ ಫ್ಯಾಕ್ಟರಿನಲ್ಲಿ (ಕರೆಂಟಿಗೂ ರಿಯಾಕ್ಟಿವ್ ಪವರಿಗೂ ಇರುವ ಅನುಪಾತ ಬದಲಿಸದೆ) ಇರಿ ಅಂತ ಆಗ ಅಲ್ಲಿನ ನಿಯಮ ಇತ್ತು. ಈ ಕೆಲಸಕ್ಕೆ ಅಂತಲೇ ಇದ್ದ ಕೆಲವು ಹಳೆಯ ಮಾದರಿಯ ಸ್ಥಾವರಗಳೂ ಬೇಕಾದಷ್ಟು ಹೀರಲಿಲ್ಲ ಅಂತ ಅಲ್ಲಿನ ಸರ್ಕಾರದ ವರದಿ ಹೇಳಿತು. ವೋಲ್ಟೇಜ್ ಏರಿತು. ಒಂದು ಸ್ಥಾವರ ತನ್ನನ್ನು ಉಳಿಸಿಕೊಳ್ಳಲು ಕಳಚಿಕೊಂಡಿತು. ಅದು ಕಳಚಿದ್ದಕ್ಕೆ ವೋಲ್ಟೇಜ್ ಇನ್ನೂ ಏರಿತು. ಮತ್ತೊಂದು ಕಳಚಿತು. ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಮುಗಿಯಿತು. ನಿಮ್ಮ ಮಗನ ಮಾತಿನಲ್ಲಿ ನಿಜ ಇರುವ ಅರ್ಧ ಇದು: ಸೋಲಾರ್ ಇತ್ತು, ಅದಕ್ಕೆ ಗ್ರಿಡ್ ಕಾಯುವ ಕೆಲಸ ಕೊಟ್ಟಿರಲಿಲ್ಲ. ಇನ್ವರ್ಟರಿಗೆ ಆ ಕೆಲಸ ಮಾಡುವ ತಾಕತ್ತು ಇದೆ.

ದಕ್ಷಿಣ ಆಸ್ಟ್ರೇಲಿಯಾದ ಕಥೆ ಇನ್ನೂ ವಿಚಿತ್ರ. 2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ಅಲ್ಲಿ ಟವರುಗಳು ಉರುಳಿದವು. ಮೇಲಿಂದ ಮೇಲೆ ವೋಲ್ಟೇಜ್ ಕುಸಿಯಿತು. ಇಷ್ಟು ಸಲ ಕುಸಿದರೆ ಬಂದ್ ಆಗು ಅಂತ ಕೆಲವು ಗಾಳಿ ಸ್ಥಾವರಗಳ ಕಂಟ್ರೋಲರಿನಲ್ಲಿ ಒಂದು ಸೆಟ್ಟಿಂಗ್ ಇತ್ತು. ಗ್ರಿಡ್ ನಡೆಸುವವರಿಗೇ ಅದು ತಿಳಿದಿರಲಿಲ್ಲ. ಫ್ಯಾನುಗಳು ಬಂದ್ ಆದವು, ಪಕ್ಕದ ರಾಜ್ಯದ ಲೈನಿನ ಮೇಲೆ ಭಾರ ಬಿದ್ದು ಅದೂ ಟ್ರಿಪ್ ಆಯಿತು, ಇಡೀ ರಾಜ್ಯಕ್ಕೆ ಕರೆಂಟು ಹೋಯಿತು. ಆಮೇಲೆ ಸೆಟ್ಟಿಂಗ್ ಬದಲಿಸಿದರು. ಮರುವರ್ಷ ಅಲ್ಲೇ ಹಾರ್ನ್ಸ್‌ಡೇಲ್ ಎಂಬಲ್ಲಿ 100 ಮೆಗಾವ್ಯಾಟಿನ ಬ್ಯಾಟರಿ ಬಂತು.

ನಮ್ಮ ದೇಶದ ನಿಯಮದಲ್ಲಿ ಈ ಎರಡಕ್ಕೂ ಮದ್ದು ಇದೆ. ವೋಲ್ಟೇಜ್ ಕುಸಿದಾಗ ಗಾಳಿ, ಸೋಲಾರ್ ಸ್ಥಾವರಗಳು ಕೂಡಲೇ ಕಳಚಿಕೊಳ್ಳಬಾರದು, ರಿಯಾಕ್ಟಿವ್ ಪವರ್ ಕೊಡಲೂ ಹೀರಲೂ ತಯಾರಿರಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರ ಬರೆದಿಟ್ಟಿದೆ. ಆದರೆ ಕಾಗದದ ನಿಯಮ ಬೇರೆ, ಬಿಸಿಲಿನಲ್ಲಿ ನಿಂತ ಇನ್ವರ್ಟರಿನೊಳಗಿನ ಸೆಟ್ಟಿಂಗ್ ಬೇರೆ. ಹೊಸ ಸ್ಥಾವರ ಉದ್ಘಾಟನೆಗೆ ರಿಬ್ಬನ್ ಕತ್ತರಿಸುವ ಮೊದಲು ಈ ಸೆಟ್ಟಿಂಗುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ ಸಹಿ ಹಾಕಿಸಬೇಕು. ನನ್ನ ಆತಂಕ ಇರುವುದು ಇದರ ಬಗ್ಗೆ, ಫ್ಯಾನಿನ ಸಂಖ್ಯೆಯ ಬಗ್ಗೆ ಅಲ್ಲ.

ಗ್ರಿಡ್ ಬೀಳಲು ಸೋಲಾರೇ ಬೇಕು ಅಂತಲೂ ಇಲ್ಲ. 2012ರ ಜುಲೈ 30, 31ರಂದು ಉತ್ತರ ಭಾರತದ ಗ್ರಿಡ್ ಎರಡು ದಿನ ಸಾಲಾಗಿ ಬಿತ್ತು, ಎರಡನೇ ದಿನ ಪೂರ್ವ, ಈಶಾನ್ಯವನ್ನೂ ಎಳೆದುಕೊಂಡು. 60 ಕೋಟಿ ಜನರಿಗೆ ಕರೆಂಟು ಹೋಯಿತು. ಆಗ ನಮ್ಮಲ್ಲಿ ಸೋಲಾರ್ ಲೆಕ್ಕಕ್ಕೂ ಇರಲಿಲ್ಲ. ಲೈನುಗಳ ಮೇಲೆ ಅತಿಯಾದ ಭಾರ ಬಿದ್ದದ್ದು ಕಾರಣ.

ನಮ್ಮ ರಾಜ್ಯಕ್ಕೆ ದಿನಾ ಎದುರಾಗುವ ಕಷ್ಟ ಸಂಜೆಯದು. ಮಧ್ಯಾಹ್ನ ಪಾವಗಡದಂಥ ಪಾರ್ಕುಗಳು (ಅದೊಂದೇ 2,050 ಮೆಗಾವ್ಯಾಟ್) ತುಂಬಿ ಹರಿಯುತ್ತವೆ. ಸಂಜೆ ಏಳಕ್ಕೆ ಸೊನ್ನೆ. ಮನೆ ಮನೆಯಲ್ಲಿ ಲೈಟು, ಟಿವಿ ಚಾಲೂ ಆಗುವುದು ಅದೇ ಹೊತ್ತು. ಈ ತಗ್ಗನ್ನು ತುಂಬಲು ಇಲ್ಲಿಯವರೆಗೆ ಕೈಹಿಡಿದದ್ದು ನೀರು. ಶರಾವತಿಯ 1,035 ಮೆಗಾವ್ಯಾಟ್, ಕಾಳಿಯ ನಾಗಝರಿ, ವಾರಾಹಿ. ನಿಮಿಷಗಳಲ್ಲಿ ಚಾಲೂ ಆಗುತ್ತವೆ, ನಿಮಿಷಗಳಲ್ಲಿ ನಿಲ್ಲುತ್ತವೆ. ಆದರೆ 2023ರಂಥ ಬರ ಬಂದರೆ ನೀರನ್ನು ಹನಿ ಲೆಕ್ಕದಲ್ಲಿ ಬಳಸಬೇಕು. ಆ ವರ್ಷ ಪಂಪ್‌ಸೆಟ್ಟಿನ ತಾಸು ಇಳಿದದ್ದು ನಿಮಗೇ ಗೊತ್ತು.

ಅದಕ್ಕಾಗಿ ಪಂಪ್ಡ್ ಸ್ಟೋರೇಜ್ ಮಾತು ಎದ್ದಿದೆ. ಮಧ್ಯಾಹ್ನದ ಹೆಚ್ಚುವರಿ ಕರೆಂಟಿನಿಂದ ನೀರನ್ನು ಮೇಲಿನ ಕೆರೆಗೆ ಎತ್ತುವುದು, ಸಂಜೆ ಕೆಳಗೆ ಬಿಟ್ಟು ಕರೆಂಟು ಮಾಡುವುದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದು, ಎಂಬತ್ತು ವಾಪಸ್ ಬರುತ್ತದೆ. ನಮಗೆ ಹತ್ತಿರದಲ್ಲಿ ಸವದತ್ತಿಯ ರೇಣುಕಾಸಾಗರದ ನೀರು ಬಳಸುವ ಯೋಜನೆ ಇದೆ. ಶರಾವತಿ ಕಣಿವೆಯಲ್ಲಿ ತಲಕಳಲೆ, ಗೇರುಸೊಪ್ಪೆ ನಡುವೆ 2,000 ಮೆಗಾವ್ಯಾಟಿನದು ಇನ್ನೊಂದು, ಅದಕ್ಕೆ ಕಾಡಿನ ಕಾರಣಕ್ಕೆ ಜೋರು ವಿರೋಧವೂ ಇದೆ. ನನ್ನನ್ನು ಕೇಳಿದರೆ ಸಿಂಗಳೀಕ ಇರುವ ಮಳೆಕಾಡಿಗಿಂತ ಬಯಲುಸೀಮೆಯ ಗುಡ್ಡಗಳೇ ಇದಕ್ಕೆ ಮೊದಲ ಜಾಗ. ಬ್ಯಾಟರಿ ಅಗ್ಗ ಆಗುತ್ತಾ ಬಂದ ಹಾಗೆ ಆ ವಾದ ಇನ್ನೂ ಗಟ್ಟಿ ಆಗುತ್ತಿದೆ.

ನಿಮ್ಮ 7 ತಾಸಿನ ವಿಷಯ. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಜಾಸ್ತಿ ಪಂಪ್‌ಸೆಟ್ ಇವೆ. ಮೊದಲು ಬಹಳಷ್ಟು ಕಡೆ ತ್ರೀ ಫೇಸ್ ರಾತ್ರಿ ಬರುತ್ತಿತ್ತು. ಹಾವು ಹುಳದ ನಡುವೆ ಟಾರ್ಚ್ ಹಿಡಿದು ಹೋಗಿ ಮೋಟರ್ ಹಾಕಬೇಕಿತ್ತು. ಸೋಲಾರ್ ಬಂದ ಮೇಲೆ ಅದನ್ನು ಹಗಲಿಗೆ ತಂದರು. ರೈತರಿಗೆ ಮಾಡಿದ ಉಪಕಾರ ಅಂತ ಇದನ್ನು ಹೇಳುತ್ತಾರೆ. ನಾನು ಹೇಳುವುದು, ಇಲ್ಲಿ ಗ್ರಿಡ್ಡಿಗೂ ರೈತರು ಉಪಕಾರ ಮಾಡುತ್ತಿದ್ದಾರೆ. ಬಿಸಿಲಿನ ಕರೆಂಟು ಉಕ್ಕುವ ಹೊತ್ತಿಗೆ ಅದನ್ನು ಕುಡಿಯಲು ದೊಡ್ಡ ಬಳಕೆ ಬೇಕು. ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 18,000 ಮೆಗಾವ್ಯಾಟ್ ದಾಟಿದ್ದು ಹಗಲಿನಲ್ಲೇ, ಅದರಲ್ಲಿ ನಿಮ್ಮ ಬೋರಿನ ಪಾಲು ದೊಡ್ಡದು. ಹಗಲಿನ ನೀರು ಬೆಳೆಗೆ ಹೋದರೆ ಸಂಜೆಯ ಭಾರ ಅಷ್ಟು ಇಳಿಯಿತು. ಬ್ಯಾಟರಿಗೆ ಕೋಟಿಗಟ್ಟಲೆ ಸುರಿಯುವ ಮೊದಲು ಈ ಕೆಲಸದ ಬೆಲೆಯನ್ನು ಯಾರಾದರೂ ಲೆಕ್ಕ ಹಾಕಬೇಕು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳೂ ಇದನ್ನೇ ಮಾಡಬಹುದು. ಮಧ್ಯಾಹ್ನ ಜಾಸ್ತಿ ತಂಪು ಮಾಡಿಟ್ಟು ಸಂಜೆ ಎರಡು ತಾಸು ಕಂಪ್ರೆಸರ್ ತಗ್ಗಿಸಿದರೆ ಮೆಣಸಿನಕಾಯಿಗೇನೂ ಆಗುವುದಿಲ್ಲ. ಆ ಹೊತ್ತಿನ ದರದಲ್ಲಿ ಲಾಭ ಕಂಡರೆ ಮಾಲೀಕರು ಮಾಡಿಯೇ ಮಾಡುತ್ತಾರೆ.

ಇಲ್ಲಿ ನಿಮ್ಮ ಕಡೆಯಿಂದ ಒಂದು ತೊಂದರೆಯೂ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರ ಪೆಟ್ಟಿಗೆಯಲ್ಲೂ ಆಟೋ ಸ್ಟಾರ್ಟರ್ ಇದೆ. ತ್ರೀ ಫೇಸ್ ಬಂದ ಕ್ಷಣ ಇಡೀ ಫೀಡರಿನ ಮೋಟರುಗಳು ಒಟ್ಟಿಗೆ ಏಳುತ್ತವೆ. ಚಾಲೂ ಆಗುವಾಗ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಮೋಟರ್ ಏಳಲಾರದೆ ಗುಂಯ್‌ಗುಡುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ. ಟಿಸಿ ಸುಡುವುದಕ್ಕೂ ಇದೊಂದು ಕಾರಣ. ಟೈಮರ್ ಇರುವ ಸ್ಟಾರ್ಟರ್ ಹಾಕಿಸಿ. ಒಂದು ಟಿಸಿಯವರು ಕೂತು ಮಾತಾಡಿ, ನಿಮ್ಮದು ಎರಡು ನಿಮಿಷ, ಪಕ್ಕದವರದು ನಾಲ್ಕು ನಿಮಿಷ ಅಂತ ಹಂಚಿಕೊಳ್ಳಿ. ಜೊತೆಗೆ ಕೆಪಾಸಿಟರ್. 5 ಎಚ್‌ಪಿ ಮೋಟರಿಗೆ 2 ಕೆವಿಎಆರ್ (ರಿಯಾಕ್ಟಿವ್ ಪವರಿನ ಅಳತೆ) ಸಾಕು. ಸ್ಪೇನಿನಲ್ಲಿ ವೋಲ್ಟೇಜ್ ಇಳಿಸಲು ರಿಯಾಕ್ಟಿವ್ ಪವರ್ ಹೀರಬೇಕಿತ್ತು. ನಿಮ್ಮ ಲೈನಿನ ಕೊನೆಯಲ್ಲಿ ವೋಲ್ಟೇಜ್ ಏರಿಸಬೇಕು, ಆದ್ದರಿಂದ ಕೊಡಬೇಕು. ಕೆಪಾಸಿಟರ್ ಮಾಡುವುದು ಅದನ್ನೇ.

ಕೊನೆಯದಾಗಿ, ಗುಡ್ಡದ ಕರೆಂಟು ನೇರವಾಗಿ ಊರಿಗೆ ಯಾಕಿಲ್ಲ? ತಂತಿಯೊಳಗೆ ಕರೆಂಟು ಹತ್ತಿರದ ಬಳಕೆಗೇ ಮೊದಲು ಹರಿಯುತ್ತದೆ. ಫ್ಯಾನು ತಿರುಗುವಾಗ ನಿಮ್ಮ ಮೋಟರಿಗೆ ಬರುವುದರಲ್ಲಿ ಅದರ ಪಾಲೂ ಇರಬಹುದು. ಮಾರಾಟದ ಲೆಕ್ಕ ಬೇರೆ. ಈ ಭಾಗದ ಎಲ್ಲ ಫ್ಯಾನುಗಳೂ ನಿಮಗೆ ಕರೆಂಟು ಕೊಡುವ ಹೆಸ್ಕಾಂ ಕಂಪನಿಗೆ ಮಾರುವುದಿಲ್ಲ, ಅಂತರರಾಜ್ಯ ಲೈನಿಗೆ ಸೇರಿದವು ಹೊರಗಿನವರಿಗೂ ಮಾರುತ್ತವೆ. ಫ್ಯಾನಿನಿಂದ ಹೊರಡುವ ಕರೆಂಟನ್ನು ಸಾಮಾನ್ಯವಾಗಿ 33 ಕೆ.ವಿ.ಗೆ ಏರಿಸಿ ಅವರದೇ ಸಬ್‌ಸ್ಟೇಷನ್ನಿಗೆ ಒಯ್ಯುತ್ತಾರೆ. ನಿಮ್ಮ 11 ಕೆ.ವಿ. ಫೀಡರಿಗೆ ಸಿಕ್ಕಿಸಿದರೂ, ಗ್ರಿಡ್ಡಿನ ಆಸರೆ ಇಲ್ಲದೆ ಅದರಿಂದ ಮೋಟರ್ ನಡೆಸಲು ಆಗುವುದಿಲ್ಲ. ಗಾಳಿ ಬಿದ್ದ ನಿಮಿಷದಲ್ಲಿ ನಿಮ್ಮ ಮೋಟರೂ ನಿಲ್ಲುತ್ತದೆ.

ನೀವು ಕೇಳಿದ್ದಕ್ಕೆ ಹತ್ತಿರ ಇರುವುದು ಕೇಂದ್ರ ಸರ್ಕಾರದ ಕುಸುಮ್ ಎಂಬ ರೈತರ ಸೋಲಾರ್ ಯೋಜನೆಯ 'ಸಿ' ಭಾಗ. ಊರ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಕೃಷಿ ಫೀಡರಿಗೆ ಕೊಡುವುದು. ಗ್ರಿಡ್ ಜೊತೆಗೇ ಇರುತ್ತದೆ, ಮೋಡ ಬಂದರೂ ಮೋಟರ್ ನಿಲ್ಲುವುದಿಲ್ಲ. ಕರೆಂಟು ದೂರದಿಂದ ಬರಬೇಕಿಲ್ಲ, ದೊಡ್ಡ ಲೈನಿನ ಭಾರವೂ ಕಡಿಮೆ, ನಷ್ಟವೂ ಕಡಿಮೆ. ನಿಮ್ಮ ಸಬ್‌ಸ್ಟೇಷನ್ ಆ ಪಟ್ಟಿಯಲ್ಲಿ ಇದೆಯಾ ಅಂತ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಇಲ್ಲದಿದ್ದರೆ ಊರವರು ಸೇರಿ ಅರ್ಜಿ ಕೊಡಿ, ಸಬ್‌ಸ್ಟೇಷನ್ ಹತ್ತಿರ ಸರ್ಕಾರಿ ಜಾಗ ಇದ್ದರೆ ಅದರ ಸರ್ವೆ ನಂಬರನ್ನೂ ಬರೆಯಿರಿ. ಇಂಥ ಯೋಜನೆಗಳು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಜಾಗದ ವಿಷಯದಲ್ಲೇ.